ಮನೆಯ ನೆಟ್‌ವರ್ಕ್ ಪ್ರಾಜೆಕ್ಟ್: ಬರಿಯ ಕೇಬಲ್‌ನಿಂದ ಡಿಎನ್‌ಎಸ್‌ವರೆಗೆ

ನೆಟ್‌ವರ್ಕಿಂಗ್ ಕಲಿಯಲು ಹೊರಟವರಿಗೆ ಮೊದಲು ಎದುರಾಗುವುದು ನೆಟ್‌ವರ್ಕಿನ ಕೆಲಸವನ್ನು ಏಳು ಪದರಗಳಾಗಿ ವಿಂಗಡಿಸಿ ತೋರಿಸುವ ಓಎಸ್‌ಐ ಚಿತ್ರ. ಚಿತ್ರದಲ್ಲಿ ತಪ್ಪೇನಿಲ್ಲ, ಆದರೆ ಮೊದಲ ಪಾಠಕ್ಕೆ ಅದು ತಕ್ಕದ್ದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೆಟ್‌ವರ್ಕಿನ ಒಂದೊಂದು ಭಾಗವೂ ಯಾವುದೋ ಕೊರತೆಯನ್ನು ನೀಗಿಸಲು ಹುಟ್ಟಿಕೊಂಡಿದೆ. ಆ ಕೊರತೆ ನಮಗೇ ತಟ್ಟದಿದ್ದರೆ ಹೆಸರುಗಳು ಬಾಯಿಪಾಠವಾಗಿ ಉಳಿಯುತ್ತವೆ. ಅದಕ್ಕಾಗಿ ಈ ಪ್ರಾಜೆಕ್ಟಿಗೆ ಒಂದೇ ನಿಯಮ ಹಾಕಿಕೊಂಡಿದ್ದೇನೆ: ಇರುವ ಸಲಕರಣೆಯಿಂದ ಕೆಲಸ ಇನ್ನು ಮುಂದೆ ಸಾಗದು ಎಂದು ಕಂಡ ಮೇಲೆಯೇ ಹೊಸದನ್ನು ಸೇರಿಸುವುದು.

ಬಳಸುತ್ತಿರುವುದು ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪ್‌ಗಳು, ಒಂದು ಸಣ್ಣ ಸ್ವಿಚ್, ಒಂದು ರೌಟರ್, ಕೆಲವು ಕೇಬಲ್‌ಗಳು. ಜೊತೆಗೆ ವೈರ್‌ಶಾರ್ಕ್, ತಂತಿಯ ಮೇಲೆ ಹಾದುಹೋಗುವ ಪ್ರತಿ ಪ್ಯಾಕೆಟ್ಟನ್ನೂ, ಅಂದರೆ ಮಾಹಿತಿಯ ಪುಟ್ಟ ಕಟ್ಟನ್ನೂ, ತೆರೆದು ತೋರಿಸುವ ಉಚಿತ ತಂತ್ರಾಂಶ. ಕಲಿಯುವವರು ಒಂದೇ ಒಂದು ತಂತ್ರಾಂಶ ಹಾಕಿಕೊಳ್ಳುವುದಾದರೆ ಇದನ್ನೇ ಹಾಕಿಕೊಳ್ಳಲಿ.

ಹಂತ 1: ಎರಡು ಯಂತ್ರ, ನಡುವೆ ಏನೂ ಇಲ್ಲ

ಎರಡು ಲ್ಯಾಪ್‌ಟಾಪ್‌ಗಳನ್ನು ಒಂದು ಈಥರ್ನೆಟ್ ಕೇಬಲ್‌ನಿಂದ ನೇರವಾಗಿ ಜೋಡಿಸಿದೆ. ಪೋರ್ಟಿನ ದೀಪಗಳು ಹೊತ್ತಿಕೊಂಡವು. ವಿದ್ಯುತ್ ಸಂಕೇತ ಹರಿಯುತ್ತಿದೆ ಎಂದಷ್ಟೇ ಅದರ ಅರ್ಥ. ಮಾತುಕತೆಗೆ ಇಬ್ಬರಿಗೂ ವಿಳಾಸ ಬೇಕು. ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2 ಎಂದು ಕೈಯಾರೆ ಕೊಟ್ಟೆ. ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0.

ಇಲ್ಲಿ ಬಳಸಿದ ಬಗೆಯ (ಐಪಿವಿ4) ಐಪಿ ವಿಳಾಸ ಎಂದರೆ 32 ಬಿಟ್‌ಗಳ ಒಂದು ಸಂಖ್ಯೆ. ಓದಲು ಸುಲಭವಾಗಲೆಂದು ಅದನ್ನು 8 ಬಿಟ್‌ಗಳ ನಾಲ್ಕು ತುಂಡುಗಳಾಗಿ ಬರೆಯುತ್ತೇವೆ, ಆದ್ದರಿಂದಲೇ ಯಾವ ತುಂಡೂ 255 ದಾಟುವುದಿಲ್ಲ. 192.168 ಎಂದು ಶುರುವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲು, ಹಾಗಾಗಿ ಯಾರ ಮನೆಯಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು.

ಈಗ ಒಂದರಿಂದ ಇನ್ನೊಂದಕ್ಕೆ ಪಿಂಗ್ ಕಳುಹಿಸಿದೆ. ಮೈಕ್ ಮೂಸ್ 1983ರಲ್ಲಿ ಬರೆದ ಈ ಪುಟ್ಟ ಪ್ರೋಗ್ರಾಂ ‘ಇದ್ದೀಯಾ?’ ಎಂದು ಕೇಳಿ, ಉತ್ತರ ಬರಲು ಹಿಡಿದ ಸಮಯವನ್ನು ಅಳೆಯುತ್ತದೆ. ಉತ್ತರ ಒಂದು ಮಿಲಿಸೆಕೆಂಡಿಗೂ ಮೊದಲೇ ಬಂತು. ಆದರೆ ನನ್ನ ಗಮನ ಸೆಳೆದದ್ದು ವೈರ್‌ಶಾರ್ಕ್‌ನಲ್ಲಿ ಪಿಂಗ್‌ಗಿಂತ ಮುಂಚೆ ಕಾಣಿಸಿಕೊಂಡ ಎರಡು ಸಾಲುಗಳು. ಮೊದಲ ಸಾಲಿನಲ್ಲಿ ‘192.168.50.2 ಯಾರು? 192.168.50.1ಕ್ಕೆ ತಿಳಿಸಿ’ ಎಂಬ ಪ್ರಶ್ನೆ. ಎರಡನೆಯದರಲ್ಲಿ ‘ಅದು ನಾನು, ನನ್ನ ಮ್ಯಾಕ್ ವಿಳಾಸ ಇದು’ ಎಂಬ ಉತ್ತರ. ಇದೇ ಎಆರ್‌ಪಿ, 1982ರ ಪ್ರೋಟೊಕಾಲ್. ಐಪಿ ವಿಳಾಸವನ್ನು ನಾವು ಕೊಟ್ಟಿದ್ದೇವೆ, ನಾಳೆ ಬದಲಾಯಿಸಲೂಬಹುದು. ಮ್ಯಾಕ್ ವಿಳಾಸವಾದರೋ 48 ಬಿಟ್‌ಗಳದ್ದು, ತಯಾರಕರು ನೆಟ್‌ವರ್ಕ್ ಕಾರ್ಡಿನೊಳಗೇ ಬರೆದು ಕಳುಹಿಸಿದ್ದು. ತಂತಿಯ ಮೇಲೆ ಪ್ಯಾಕೆಟ್ ತಲುಪುವುದು ಈ ಎರಡನೆಯದರ ಬಲದಿಂದ. ಪ್ರಶ್ನೆ ಕೇಳುವಾಗ ಎದುರಿನವರ ಮ್ಯಾಕ್ ಗೊತ್ತಿರುವುದಿಲ್ಲವಲ್ಲ, ಆದ್ದರಿಂದ ಹನ್ನೆರಡೂ ಅಂಕಿಗಳು ‘ಎಫ್’ ಆಗಿರುವ ವಿಶೇಷ ವಿಳಾಸಕ್ಕೆ, ಅಂದರೆ ತಂತಿಯ ಮೇಲಿರುವ ಎಲ್ಲರಿಗೂ, ಪ್ರಶ್ನೆ ಹೋಗುತ್ತದೆ.

ನಂತರ ಬೇಕೆಂದೇ ಎರಡನೆಯ ಯಂತ್ರದ ವಿಳಾಸವನ್ನು 192.168.51.2 ಎಂದು ಬದಲಿಸಿ, ಆ ಹೊಸ ವಿಳಾಸಕ್ಕೆ ಪಿಂಗ್ ಮಾಡಿದೆ. ಕೇಬಲ್ ಅದೇ, ಯಂತ್ರಗಳು ಅವೇ. ‘ಆ ನೆಟ್‌ವರ್ಕಿಗೆ ದಾರಿಯಿಲ್ಲ’ ಎಂದು ಒಡನೆಯೇ ಉತ್ತರ ಬಂತು. ವೈರ್‌ಶಾರ್ಕ್ ನೋಡಿದರೆ ಅದಕ್ಕೆ ಸಂಬಂಧಿಸಿದ ಒಂದೇ ಒಂದು ಪ್ಯಾಕೆಟ್ ಕೂಡ ತಂತಿಗೆ ಇಳಿದಿರಲಿಲ್ಲ! ಸಬ್‌ನೆಟ್ ಮಾಸ್ಕ್ ಯಾಕಿದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. 255 ಇರುವ ಮೂರು ತುಂಡುಗಳು ಎರಡೂ ವಿಳಾಸಗಳಲ್ಲಿ ಒಂದೇ ಆಗಿದ್ದರೆ ‘ನಮ್ಮ ನೆಟ್‌ವರ್ಕಿನವರು’, ನೇರವಾಗಿ ಎಆರ್‌ಪಿ ಕೇಳಬಹುದು. ಬೇರೆಯಾಗಿದ್ದರೆ ‘ಹೊರಗಿನವರು’, ದಾರಿ ತೋರಿಸುವವರು ಬೇಕು. ಈ ತೀರ್ಮಾನವನ್ನು ಕಳುಹಿಸುವ ಯಂತ್ರ ತನ್ನೊಳಗೇ, ಏನನ್ನೂ ಕಳುಹಿಸುವ ಮೊದಲೇ ಮಾಡಿ ಮುಗಿಸುತ್ತದೆ.

ಕೇಬಲ್ ಬಗ್ಗೆ ಒಂದು ಮಾತು. ಅದರೊಳಗೆ ಎಂಟು ತಂತಿಗಳು, ಎರಡೆರಡಾಗಿ ಹೆಣೆದ ನಾಲ್ಕು ಜೋಡಿಗಳು. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ಹಳೆಯ ಕೇಬಲ್‌ನ ಕಂದು ಜೋಡಿಯನ್ನು ಕತ್ತರಿಸಿ ನೋಡಿದೆ. ಸಂಪರ್ಕ ಉಳಿಯಿತು, ಆದರೆ ವೇಗ ಗಿಗಾಬಿಟ್‌ನಿಂದ 100ಕ್ಕೆ ಇಳಿಯಿತು. ವೇಗ ಕಡಿಮೆ ಎನ್ನುವವರು ಮೊದಲು ಕೇಬಲ್ ನೋಡಬೇಕು ಎನ್ನುವುದು ಇದಕ್ಕೇ. ಹಾಗೆಯೇ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ಏಕೆಂದರೆ ಬೈಟ್‌ಗೆ ಎಂಟು ಬಿಟ್. ಫೈಲ್ ಡೌನ್‌ಲೋಡ್‌ನ ಅಂಕಿಗಳು ಸಾಮಾನ್ಯವಾಗಿ ಬೈಟ್‌ಗಳಲ್ಲಿರುತ್ತವೆ, ಸಂಪರ್ಕದ ವೇಗ ಬಿಟ್‌ಗಳಲ್ಲಿರುತ್ತದೆ.

ಹಂತ 2: ಮೂರನೆಯವನು ಬಂದ

ಲ್ಯಾಪ್‌ಟಾಪ್‌ಗೆ ಇರುವುದು ಒಂದೇ ಈಥರ್ನೆಟ್ ಪೋರ್ಟ್. ಮೂರನೆಯ ಯಂತ್ರ ಸೇರಬೇಕೆಂದರೆ ಸ್ವಿಚ್ ಬೇಕು. ಯಾವ ಪೋರ್ಟಿನಿಂದ ಯಾವ ಮ್ಯಾಕ್ ವಿಳಾಸ ಮಾತನಾಡಿತು ಎಂದು ಸ್ವಿಚ್ ಗುರುತಿಟ್ಟುಕೊಳ್ಳುತ್ತದೆ, ಮುಂದೆ ಆ ವಿಳಾಸಕ್ಕೆ ಬಂದದ್ದನ್ನು ಅದೇ ಪೋರ್ಟಿಗೆ ಮಾತ್ರ ಕಳುಹಿಸುತ್ತದೆ. ಮೂರನೆಯ ಯಂತ್ರದಲ್ಲಿ ವೈರ್‌ಶಾರ್ಕ್ ತೆರೆದು ಕೂತರೆ ಇದು ಕಣ್ಣಾರೆ ಕಾಣುತ್ತದೆ: ಉಳಿದಿಬ್ಬರ ಎಆರ್‌ಪಿ ಪ್ರಶ್ನೆ ಕೇಳಿಸಿತು, ನಂತರದ ಪಿಂಗ್‌ಗಳು ಕೇಳಿಸಲಿಲ್ಲ. ಐಪಿ ವಿಳಾಸದ ಗೊಡವೆ ಈ ಸ್ವಿಚ್‌ಗೆ ಇಲ್ಲವೇ ಇಲ್ಲ.

ಹಂತ 3: ಹೊರಗಿನ ದಾರಿ

ಈ ಹಂತದಲ್ಲೇ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು, ಕಳೆಯಬೇಕಾದದ್ದೂ ಹೌದು.

ರೌಟರ್ ಜೋಡಿಸಿದೊಡನೆ ವಿಳಾಸ ಕೊಡುವ ಕೆಲಸ ನನ್ನ ಕೈತಪ್ಪಿತು. ಅದರೊಳಗಿನ ಡಿಎಚ್‌ಸಿಪಿ ಆ ಹೊಣೆ ಹೊರುತ್ತದೆ. ನಾಲ್ಕು ಮಾತಿನಲ್ಲಿ ವ್ಯವಹಾರ ಮುಗಿಯುತ್ತದೆ: ಯಾರಾದರೂ ವಿಳಾಸ ಕೊಡುವಿರಾ, ಇದನ್ನು ತೆಗೆದುಕೋ, ಸರಿ ಅದನ್ನೇ ಕೊಡಿ, ಕೊಟ್ಟಿದ್ದೇನೆ. ವಿಳಾಸದ ಜೊತೆಗೇ ಮಾಸ್ಕ್, ಗೇಟ್‌ವೇ (ಹೊರಗಿನ ದಾರಿ ತೋರಿಸುವವರು, ಇಲ್ಲಿ ರೌಟರೇ), ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್‌ನ ವಿಳಾಸವೂ ಬರುತ್ತವೆ. ಕೊಟ್ಟದ್ದು ಇಷ್ಟು ಅವಧಿಗೆ ಎಂಬ ಗಡುವಿನೊಂದಿಗೆ. ಡಿಎಚ್‌ಸಿಪಿ ಉತ್ತರಿಸದಿದ್ದರೆ ವಿಂಡೋಸ್ ಯಂತ್ರ 169.254 ಎಂದು ಶುರುವಾಗುವ ವಿಳಾಸವನ್ನು ತಾನೇ ಇಟ್ಟುಕೊಳ್ಳುತ್ತದೆ. ಆ ಅಂಕಿ ಕಂಡರೆ ತೊಂದರೆ ಇರುವುದು ನಿಮ್ಮ ಯಂತ್ರಕ್ಕೂ ರೌಟರಿಗೂ ನಡುವೆ ಎಂದು ಊಹಿಸಬಹುದು.

ಈಗ 8.8.8.8ಕ್ಕೆ ಪಿಂಗ್. ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ವಿಳಾಸವದು, ಪರೀಕ್ಷೆಗೆ ಅನುಕೂಲ. ಹೊರಟ ಪ್ಯಾಕೆಟ್ಟನ್ನು ತೆರೆದು ಎರಡು ಗುರಿ ವಿಳಾಸಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಗುರಿಯ ಐಪಿ 8.8.8.8 ಎಂದೇ ಇದೆ. ಗುರಿಯ ಮ್ಯಾಕ್ ಮಾತ್ರ ರೌಟರಿನದು! ಇದನ್ನು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೊನೆಯ ಗುರಿ ಯಾರೆಂದು ಐಪಿ ವಿಳಾಸ ಹೇಳುತ್ತದೆ, ಮುಂದಿನ ಹೆಜ್ಜೆ ಯಾರ ಕೈಗೆ ಎಂದು ಮ್ಯಾಕ್ ವಿಳಾಸ ಹೇಳುತ್ತದೆ. ದೂರದ ಊರಿಗೆ ಹೊರಟ ಅಂಚೆಚೀಲ ನಿಲ್ದಾಣದಿಂದ ನಿಲ್ದಾಣಕ್ಕೆ ಬಸ್ ಬದಲಿಸುತ್ತದೆ, ಒಳಗಿನ ಲಕೋಟೆಯ ವಿಳಾಸ ಹಾಗೇ ಇರುತ್ತದೆ. ಎರಡೆರಡು ವಿಳಾಸಗಳೇಕೆ ಎಂಬ ಆರಂಭಿಕರ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ.

ಒಂದು ವಿನಾಯಿತಿ ಇದೆ. ಮನೆಯ ರೌಟರ್ ಕಳುಹಿಸಿದವರ ಖಾಸಗಿ ಐಪಿಯನ್ನು ಅಳಿಸಿ, ಹೊರಗಡೆ ತನಗಿರುವ ವಿಳಾಸವನ್ನು ಅಲ್ಲಿ ಬರೆಯುತ್ತದೆ. ಉತ್ತರ ಬಂದಾಗ ಯಾರಿಗೆ ಮರಳಿಸಬೇಕೆಂದು ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಂಡಿರುತ್ತದೆ. ಇದಕ್ಕೆ ಎನ್‌ಎಟಿ ಎನ್ನುತ್ತಾರೆ. 32 ಬಿಟ್‌ಗಳಲ್ಲಿ ಸಿಗುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ, ಅವುಗಳಲ್ಲೂ ಒಂದಷ್ಟು ಮೀಸಲು. ಜಗತ್ತಿನ ಸಾಧನಗಳಿಗೆಲ್ಲ ಅದು ಸಾಲದು. ಮನೆಯ ಎಲ್ಲ ಸಾಧನಗಳೂ ಹೊರಗೆ ಒಂದೇ ವಿಳಾಸದಲ್ಲಿ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ.

ನಡುವಿನ ರೌಟರ್‌ಗಳನ್ನು ಕಾಣಲು ಟ್ರೇಸ್‌ರೂಟ್ ಓಡಿಸಿದೆ. ವ್ಯಾನ್ ಜೇಕಬ್‌ಸನ್ 1987ರಲ್ಲಿ ಬರೆದ ಇದರ ಉಪಾಯ ತುಂಬಾ ಸೊಗಸು. ಪ್ರತಿ ಐಪಿ ಪ್ಯಾಕೆಟ್ಟಿನಲ್ಲೂ ಟಿಟಿಎಲ್ ಎಂಬ ಸಂಖ್ಯೆ ಇರುತ್ತದೆ, ದಾರಿಯಲ್ಲಿ ಸಿಗುವ ಪ್ರತಿ ರೌಟರೂ ಅದರಿಂದ ಒಂದನ್ನು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ಟನ್ನು ಎಸೆದು, ಎಸೆದೆನೆಂದು ಕಳುಹಿಸಿದವರಿಗೆ ತಿಳಿಸುತ್ತದೆ. ಪ್ಯಾಕೆಟ್‌ಗಳು ಸುತ್ತಿನಲ್ಲಿ ಸಿಕ್ಕಿಕೊಂಡು ಕೊನೆಯಿಲ್ಲದೆ ತಿರುಗದಿರಲಿ ಎಂದು ಮಾಡಿದ ಏರ್ಪಾಡು ಇದು. ಟ್ರೇಸ್‌ರೂಟ್ ಮೊದಲು ಟಿಟಿಎಲ್ 1 ಇಟ್ಟು ಕಳುಹಿಸುತ್ತದೆ, ಆಮೇಲೆ 2, 3 ಎಂದು ಏರಿಸುತ್ತಾ ಹೋಗುತ್ತದೆ. ಎಸೆದವರು ಒಬ್ಬೊಬ್ಬರಾಗಿ ವಿಳಾಸ ಸಮೇತ ಉತ್ತರಿಸುತ್ತಾರೆ, ದಾರಿಯ ನಕ್ಷೆ ಸಿದ್ಧವಾಗುತ್ತದೆ. ನಡುವೆ ನಕ್ಷತ್ರ ಚಿಹ್ನೆಗಳ ಸಾಲು ಬಂದರೆ ಗಾಬರಿಯಾಗಬೇಡಿ, ಅನೇಕ ರೌಟರ್‌ಗಳು ಪ್ಯಾಕೆಟ್ ದಾಟಿಸಿದರೂ ಇಂಥ ಉತ್ತರ ಕೊಡುವುದಿಲ್ಲ.

ಸಮಯದ ಅಂಕಣವನ್ನೂ ಓದಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಸಾವಿರ ಕಿಲೋಮೀಟರಿಗೆ ಹೋಗಿ ಬರಲು ಕಡಿಮೆಯೆಂದರೂ 10 ಮಿಲಿಸೆಕೆಂಡು ಬೇಕು. ಎಷ್ಟೇ ದುಡ್ಡು ಕೊಟ್ಟು ವೇಗದ ಸಂಪರ್ಕ ಪಡೆದರೂ ಫೈಬರ್‌ನಲ್ಲಿ ಈ ವಿಳಂಬ ತಪ್ಪುವುದಿಲ್ಲ.

ಹಂತ 4: ಹೆಸರುಗಳು

ರೌಟರ್ ಕೊಟ್ಟ ಡಿಎನ್‌ಎಸ್ ವಿಳಾಸವನ್ನು ಅಳಿಸಿಹಾಕಿದೆ. ಬ್ರೌಸರ್‌ನಲ್ಲಿ ಯಾವ ತಾಣವೂ ತೆರೆಯಲಿಲ್ಲ, 8.8.8.8ಕ್ಕೆ ಪಿಂಗ್ ಮಾತ್ರ ಸರಾಗವಾಗಿ ಹೋಗುತ್ತಿತ್ತು. ಇಂಟರ್ನೆಟ್ ಹೋಗಿದೆ ಎಂದು ದೂರುವ ಮೊದಲು ಈ ಪರೀಕ್ಷೆ ಮಾಡಿ. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಕೆಟ್ಟಿರುವುದು ಡಿಎನ್‌ಎಸ್.

ಮೊದಲು, ಇಂಟರ್ನೆಟ್‌ನ ಪೂರ್ವಜವಾದ ಅರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರುಗಳೂ ಒಂದೇ ಕಡತದಲ್ಲಿದ್ದವು, ಎಲ್ಲರೂ ಅದರ ಪ್ರತಿ ಇಟ್ಟುಕೊಳ್ಳುತ್ತಿದ್ದರು. ನೆಟ್‌ವರ್ಕ್ ಬೆಳೆದಂತೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡಿಎನ್‌ಎಸ್ ಆ ಹೊಣೆಯನ್ನು ಹಂಚಿಬಿಟ್ಟಿತು. ‘ಡಿಗ್’ ಎಂಬ ಆದೇಶಕ್ಕೆ ಟ್ರೇಸ್ ಆಯ್ಕೆ ಸೇರಿಸಿ ಓಡಿಸಿದರೆ ಆ ಹಂಚಿಕೆ ಸಾಲುಸಾಲಾಗಿ ಕಾಣುತ್ತದೆ. ಎ ಇಂದ ಎಂ ವರೆಗಿನ 13 ಹೆಸರುಗಳ ರೂಟ್ ಸರ್ವರ್‌ಗಳಲ್ಲಿ ಒಂದು ‘ಡಾಟ್ ಆರ್ಗ್ ನೋಡಿಕೊಳ್ಳುವವರು ಇವರು’ ಎಂದು ಕೈತೋರಿಸುತ್ತದೆ. ಅವರು ‘ಈ ತಾಣದ ಹೆಸರನ್ನು ಇವರು ಬಲ್ಲರು’ ಎನ್ನುತ್ತಾರೆ. ಕೊನೆಯವರು ಅಂಕಿ ಕೊಡುತ್ತಾರೆ. ಉತ್ತರದ ಜೊತೆ ಅದನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂಬ ಸಂಖ್ಯೆಯೂ ಬರುವುದರಿಂದ ಪ್ರತಿ ಸಲವೂ ಮೇಲಿನವರನ್ನು ಕೇಳಬೇಕಾಗಿಲ್ಲ.

ಹಂತ 5: ಕೇಬಲ್ ಕಿತ್ತರೆ?

ಪ್ಯಾಕೆಟ್‌ಗಳು ಕಳೆದುಹೋಗಬಹುದು, ಐಪಿ ಅದಕ್ಕೆ ಹೊಣೆಯಲ್ಲ. ಹಾಗಿದ್ದರೂ ದೊಡ್ಡ ಫೈಲ್ ಒಂದಕ್ಷರ ತಪ್ಪದೆ ಹೇಗೆ ಬರುತ್ತದೆ? ಒಂದು ಯಂತ್ರದಲ್ಲಿ ಪೈಥಾನ್ ಜೊತೆಗೇ ಬರುವ ಪುಟ್ಟ ವೆಬ್ ಸರ್ವರನ್ನು 8000ನೇ ಪೋರ್ಟಿನಲ್ಲಿ ನಡೆಸಿ, ಇನ್ನೊಂದರಿಂದ ಫೈಲ್ ಇಳಿಸತೊಡಗಿದೆ. ಇಲ್ಲಿ ಪೋರ್ಟ್ ಎಂದರೆ ಒಂದೇ ಯಂತ್ರದ ಬೇರೆ ಬೇರೆ ಪ್ರೋಗ್ರಾಂಗಳನ್ನು ಗುರುತಿಸುವ ಸಂಖ್ಯೆ, ಕೇಬಲ್ ಸಿಕ್ಕಿಸುವ ತೂತಿಗೂ ಇದಕ್ಕೂ ಸಂಬಂಧವಿಲ್ಲ. ಆರಂಭದಲ್ಲಿ ಮೂರು ಪ್ಯಾಕೆಟ್‌ಗಳು: ಸಿನ್, ಸಿನ್-ಆಕ್, ಆಕ್. ಎರಡೂ ಕಡೆಯವರು ಎಣಿಕೆ ಎಲ್ಲಿಂದ ಶುರು ಎಂದು ಒಪ್ಪಿಕೊಳ್ಳುವ ಟಿಸಿಪಿ ಕ್ರಮವಿದು. ಆಮೇಲೆ ಪ್ರತಿ ಬೈಟ್‌ಗೂ ಲೆಕ್ಕವಿದೆ, ತಲುಪಿದ್ದಕ್ಕೆ ರಸೀದಿ ಬರುತ್ತದೆ.

ಅರ್ಧ ಇಳಿದಾಗ, ಫೈಲ್ ಪಡೆಯುತ್ತಿದ್ದ ಯಂತ್ರದ ಕೇಬಲ್ ಕಿತ್ತೆ. ಕಳುಹಿಸುವ ಯಂತ್ರ ರಸೀದಿ ಬಾರದ್ದನ್ನು ಕಂಡು ಅದೇ ಪ್ಯಾಕೆಟ್ಟನ್ನು ಮತ್ತೆ ಕಳುಹಿಸಿತು, ಮತ್ತೆ ಕಳುಹಿಸಿತು. ಪ್ರಯತ್ನಗಳ ನಡುವಿನ ಅಂತರ ಪ್ರತಿ ಬಾರಿಯೂ ಸುಮಾರಾಗಿ ಇಮ್ಮಡಿಯಾಗುತ್ತಾ ಹೋಯಿತು. ದಾರಿಯಲ್ಲಿ ದಟ್ಟಣೆಯಿದ್ದರೆ ಇನ್ನಷ್ಟು ಹೊರೆ ಹಾಕಬಾರದೆಂಬ ಎಚ್ಚರ ಅದು. ಕೇಬಲ್ ಮರಳಿ ಸಿಕ್ಕಿಸಿದರೂ ಡೌನ್‌ಲೋಡ್ ತಕ್ಷಣ ಕದಲಲಿಲ್ಲ. ಮುಂದಿನ ಪ್ರಯತ್ನದ ಹೊತ್ತು ಬಂದಾಗ ಒಮ್ಮೆಲೇ ಓಡತೊಡಗಿತು. ಇಳಿದ ಫೈಲ್ ಮೂಲದೊಂದಿಗೆ ತಾಳೆಯಾಯಿತು.

ವೈರ್‌ಶಾರ್ಕ್‌ನ ಇದೇ ದಾಖಲೆಯಲ್ಲಿ ಫೈಲಿನ ಹೆಸರು, ಒಳಗಿನ ಬರಹ ಎಲ್ಲವೂ ಓದಲು ಸಿಗುತ್ತಿತ್ತು, ಏಕೆಂದರೆ ಅದು ಬರಿಯ ಎಚ್‌ಟಿಟಿಪಿ, ವೆಬ್ ಪುಟಗಳನ್ನು ಗೂಢಲಿಪಿಯಿಲ್ಲದೆ ಸಾಗಿಸುವ ಕ್ರಮ. ಎಚ್‌ಟಿಟಿಪಿಎಸ್ ತಾಣವೊಂದನ್ನು ತೆರೆದು ಹೋಲಿಸಿದರೆ ಯಾವ ಐಪಿಯೊಂದಿಗೆ ಮಾತು ನಡೆದಿದೆ ಎಂಬುದು ತಿಳಿಯುತ್ತದೆ, ಮಾತೇನೆಂಬುದು ತಿಳಿಯುವುದಿಲ್ಲ. ಪಾಸ್‌ವರ್ಡ್ ಟೈಪ್ ಮಾಡುವ ಮೊದಲು ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಎಚ್‌ಟಿಟಿಪಿಎಸ್ ಇದೆಯೇ ನೋಡಿ ಎಂದು ಹೇಳುತ್ತಲೇ ಇರುವ ಕಾರಣ ಆ ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಮನವರಿಕೆಯಾದೀತು.

ಮುಂದಿನ ಕೆಲಸ

ವೈರ್‌ಶಾರ್ಕ್‌ನಲ್ಲಿ ನಾನು ಕೊಡದ ವಿಳಾಸಗಳೂ ಮೊದಲಿನಿಂದ ಕಾಣುತ್ತಿವೆ. ಎಫ್‌ಇ80 ಎಂದು ಶುರುವಾಗುವ ಉದ್ದನೆಯ ವಿಳಾಸಗಳು. 128 ಬಿಟ್‌ಗಳ ಐಪಿವಿ6ನಲ್ಲಿ ಯಂತ್ರಗಳು ತಮಗೆ ತಾವೇ ಕೊಟ್ಟುಕೊಳ್ಳುವ ಸ್ಥಳೀಯ ವಿಳಾಸಗಳಿವು. ಅಲ್ಲಿ ಎಆರ್‌ಪಿ ಇಲ್ಲ, ಅದರ ಬದಲು ನೆರೆಯವರನ್ನು ಹುಡುಕುವ ಬೇರೆಯೇ ವಿಧಾನವಿದೆ. ರೌಟರನ್ನು ಬದಿಗಿಟ್ಟು, ಕೈಯಾರೆ ಕೊಟ್ಟ ಐಪಿವಿ4 ವಿಳಾಸಗಳನ್ನೆಲ್ಲ ಅಳಿಸಿ, ಈ ವಿಳಾಸಗಳಿಂದಲೇ ಫೈಲ್ ಕಳುಹಿಸಿ ನೋಡುವುದು ಮುಂದಿನ ಹಂತ. ವೈಫೈ ಅದರ ನಂತರ.