ನೋಟಕ್ಕೆ ಸೋತ ಕಾಲುಗಳು

ಅಮೆರಿಕದ ಮೇನ್ ರಾಜ್ಯದ ಮೌಂಟ್ ಡೆಸರ್ಟ್ ದ್ವೀಪದಲ್ಲಿ ಮ್ಯಾರಥಾನ್ ಓಡಿ ಬಂದೆ. ಮೆಟ್ಟಿಲು ಇಳಿಯೋಕೆ ಇನ್ನೂ ಗೋಡೆ ಹಿಡಿಯಬೇಕು! ಬಾರ್ ಹಾರ್ಬರ್‌ನಿಂದ ಸೌತ್‌ವೆಸ್ಟ್ ಹಾರ್ಬರ್‌ವರೆಗೆ 42.2 ಕಿ.ಮೀ., ಸಮತಟ್ಟು ಅನ್ನೋದು ತೀರಾ ಕಡಿಮೆ. ಸಮುದ್ರದ ಪಕ್ಕ ಅಂದ್ರೆ ಸಪಾಟು ರಸ್ತೆ ಅಂದುಕೊಂಡು ಬಂದವರ ಮುಖ ನೋಡಬೇಕಿತ್ತು.

ನಾರ್ತ್‌ಈಸ್ಟ್ ಹಾರ್ಬರ್ ದಾಟಿದ ಮೇಲೆ ದ್ವೀಪದ ಒಳಕ್ಕೆ ಚಾಚಿಕೊಂಡ ಸೋಮ್ಸ್ ಸೌಂಡ್ ಅನ್ನೋ ಸಮುದ್ರದ ತೋಳಿನ ಪಕ್ಕದ ಸಾರ್ಜೆಂಟ್ ಡ್ರೈವ್ ರಸ್ತೆ ಸಿಗುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು, ಆಚೆ ದಡದಲ್ಲಿ ಅಕ್ಟೋಬರ್‌ನ ಕೆಂಪು, ಹಳದಿ ಮರಗಳು, ನಡುವೆ ಕಿರಿದಾದ ರಸ್ತೆಯಲ್ಲಿ ನಮ್ಮ ಉಸಿರಿನ ಸದ್ದು ಬಿಟ್ಟರೆ ಬೇರೇನಿಲ್ಲ. ವಾಚ್ ನೋಡೋದನ್ನೇ ಬಿಟ್ಟೆ. ಪಕ್ಕದಲ್ಲಿ ಓಡುತ್ತಿದ್ದ ಅಜ್ಜಿಯೊಬ್ಬರು ನಿಂತು ಫೋಟೋ ತೆಗೆದು, ಮತ್ತೆ ನನ್ನನ್ನು ಹಿಂದೆ ಹಾಕಿ ಹೋದರು. ಇಷ್ಟು ಚೆಂದದ ಜಾಗಕ್ಕೆ ಬಂದು ನಿಮಿಷ ಲೆಕ್ಕ ಹಾಕೋದು ಯಾಕೆ ಅಂತ ಸುಮ್ನೆ ಒಂದು ಯೋಚನೆ ಬಂತು, ಆದರೆ ಅದು ಬಹಳ ಹೊತ್ತು ನಿಲ್ಲಲಿಲ್ಲ. ಯಾಕಂದ್ರೆ ಸೋಮ್ಸ್‌ವಿಲ್ ಆದಮೇಲೆ ಏರು ಶುರು. ಕಾಲಿಗೆ ಶಕ್ತಿಯೇ ಇಲ್ಲದ ಹೊತ್ತಲ್ಲಿ ಉದ್ದಕ್ಕೆ ಹತ್ತಿಸ್ತಾರೆ, ಕೊನೆಯಲ್ಲಿ ಮಾತ್ರ ಇಳಿಜಾರು.

ಹಾಫ್ ಮ್ಯಾರಥಾನೂ ಇದೆ, ಆದರೆ ಅದು ನಾರ್ತ್‌ಈಸ್ಟ್ ಹಾರ್ಬರ್‌ನಲ್ಲೇ ಮುಗಿಯುತ್ತದೆ. ಈ ನೀರಿನ ಪಕ್ಕದ ರಸ್ತೆ ತಪ್ಪಿಹೋಗುತ್ತದೆ. ಹೋಗೋರು ಪೂರ್ತಿಯೇ ಓಡಿ, ಏರು ಓಡಿ ಅಭ್ಯಾಸ ಮಾಡಿಕೊಂಡು ಹೋಗಿ.