ಮುರಿದ ಆಕ್ಸಲ್, 24ನೇ ನಂಬರಿನ ಕಾರು

ಕಾಲೇಜ್ ಮ್ಯಾಗಝಿನ್‌ಗೆ ಏನಾದ್ರೂ ಬರ್ಕೊಡಿ ಅಂತ ಜೂನಿಯರ್ಸ್ ಕೇಳಿದಾಗ ನಂಗೆ ಮೊದ್ಲು ನೆನಪಾಗಿದ್ದು ವರ್ಕ್‌ಶಾಪ್ ಹಿಂದಿನ ತಗಡಿನ ಶೆಡ್ಡು. ಅಲ್ಲೇ ನಾವು ಹನ್ನೊಂದು ಜನ ರಾತ್ರಿಯೆಲ್ಲ ಪೈಪ್ ಕಟ್ ಮಾಡಿ, ವೆಲ್ಡ್ ಮಾಡಿ ಬಾಹಾ ಗಾಡಿ (ಇಂಜಿನಿಯರಿಂಗ್ ವಿದ್ಯಾರ್ಥಿಗಳ ಸ್ಪರ್ಧೆಗೆ ಕಟ್ಟೋ, ಕಚ್ಚಾ ದಾರೀಲಿ ಓಡೋ ಪುಟ್ಟ ಕಾರು) ಕಟ್ಟಿದ್ದು, ಲಾರೀಲಿ ಹಾಕ್ಕೊಂಡು ಇಂದೋರ್ ಹತ್ರದ ಪೀತಂಪುರಕ್ಕೆ ಹೋಗಿದ್ದು, ನಾಲ್ಕು ಗಂಟೆಯ ಎಂಡ್ಯೂರೆನ್ಸ್ ರೇಸಲ್ಲಿ ನಾನು ಸ್ಟೇರಿಂಗ್ ಹಿಡ್ದಿದ್ದಾಗ ಹಿಂದಿನ ಆಕ್ಸಲ್ ತುಂಡಾಗಿ ಗಾಡಿ ಅಲ್ಲೇ ನಿಂತಿದ್ದು. ಹೆಲ್ಮೆಟ್ ತೆಗೀದೇ ಅತ್ತಿದ್ದೆ. ವರ್ಕ್‌ಶಾಪ್ ಸರ್ ಬಂದ್ರು, ಬೈಲೂ ಇಲ್ಲ, ಸಮಾಧಾನಾನೂ ಹೇಳ್ಲಿಲ್ಲ. "ಎರಡೂ ತುಂಡು ಎತ್ಕೊಳೋ, ಊರಿಗೆ ಹೋಗಿ ಎಲ್ಲಿಂದ ಬಿರುಕು ಬಿಟ್ಟಿದೆ ನೋಡೋಣ" ಅಂದ್ರು ಅಷ್ಟೆ.

2016ರಲ್ಲಿ ಕೆಲಸಕ್ಕೆ ಅಂತ ಅಮೆರಿಕದ ಷಾರ್ಲೆಟ್‌ಗೆ ಬಂದೆ. ನ್ಯಾಸ್ಕಾರ್ ಅಂದ್ರೆ ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್, ಅದರ ಟೀಮ್‌ಗಳ ಗ್ಯಾರೇಜ್‌ಗಳು ಹೆಚ್ಚಿನವು ಈ ಊರಿನ ಸುತ್ತಮುತ್ತಾನೇ ಇರೋದು. ಸ್ಟಾಕ್ ಕಾರ್ ಅಂದ್ರೆ ಹೊರಗಿಂದ ಶೋರೂಮ್ ಕಾರ್ ಥರಾನೇ ಕಾಣುತ್ತೆ, ಆದ್ರೆ ಒಳಗೆ ನಮ್ಮ ಬಾಹಾ ಗಾಡಿ ಥರ ಸ್ಟೀಲ್ ಪೈಪಿನ ಗೂಡು, ಅದನ್ನ ನೋಡಿದ್ಮೇಲೇ ನಂಗೆ ಈ ಹುಚ್ಚು ಹಿಡಿದಿದ್ದು. ಆ ವರ್ಷ ನ್ಯಾಸ್ಕಾರ್‌ನ ಮೂರನೇ ಹಂತವಾದ ಟ್ರಕ್ ಸೀರೀಸಲ್ಲಿ, ಅಂದ್ರೆ ಪಿಕಪ್ ಟ್ರಕ್‌ಗಳ ರೇಸಲ್ಲಿ, ಇದೇ ಊರಿನ ಹುಡುಗ ವಿಲಿಯಂ ಬೈರನ್ ಓಡಿಸ್ತಿದ್ದ, ವಯಸ್ಸು 18. ಮನೇಲಿ ಯಾರೂ ರೇಸರ್ ಅಲ್ಲ, ಅವನು ರೇಸಿಂಗ್ ಕಲಿತಿದ್ದು ಕಂಪ್ಯೂಟರ್ ಮುಂದೆ, ಐರೇಸಿಂಗ್ ಅನ್ನೋ ಸಿಮ್ಯುಲೇಟರಲ್ಲಿ, ಅಲ್ಲೇ ನೂರಕ್ಕೂ ಹೆಚ್ಚು ರೇಸ್ ಗೆದ್ದಿದ್ದ. ಆಮೇಲೆ ಬೈಕ್ ಇಂಜಿನ್ ಹಾಕಿದ ಪುಟ್ಟ ಲೆಜೆಂಡ್ಸ್ ಕಾರು, ಆಮೇಲೆ ಲೇಟ್ ಮಾಡೆಲ್ ಅನ್ನೋ ಲೋಕಲ್ ಟ್ರ್ಯಾಕ್‌ಗಳ ಸ್ಟಾಕ್ ಕಾರು, 2015ರಲ್ಲಿ ನ್ಯಾಸ್ಕಾರ್‌ನ ಕೆಳಹಂತದ ಕೆ ಅಂಡ್ ಎನ್ ಈಸ್ಟ್ ಸೀರೀಸ್ ಚಾಂಪಿಯನ್. ಇಲ್ಲಿ ಹುಡುಗರು ಕಾಲು ಎಟುಕೋ ಮುಂಚೇನೇ ಕಾರ್ಟ್ ಹತ್ತಿರ್ತಾರೆ, ಇವನು ನಿಜವಾದ ರೇಸ್ ಕಾರಿಗೆ ಕೂತಾಗ ಹೈಸ್ಕೂಲ್ ಹುಡುಗ.

ಟ್ರಕ್‌ನಲ್ಲಿ ಮೊದಲ ವರ್ಷಾನೇ ಗೆದ್ದ ಮೇಲೆ ಗೆದ್ದ. ನವೆಂಬರಲ್ಲಿ ಫೀನಿಕ್ಸ್ ರೇಸು, ಲೀಡಲ್ಲಿದ್ದಾನೆ, ಅದನ್ನ ಗೆದ್ರೆ ಕೊನೇ ರೇಸಲ್ಲಿ ಚಾಂಪಿಯನ್ ಪಟ್ಟಕ್ಕೆ ಸೆಣಸೋ ನಾಲ್ವರಲ್ಲಿ ಒಬ್ಬ, ಇನ್ನು ಹತ್ತೇ ಲ್ಯಾಪ್, ಇಂಜಿನ್ ಹೋಯ್ತು. ಹೊಗೆ ನೋಡ್ತಾ ನಾನು ಟೀವಿ ಮುಂದೆ ಎದ್ದು ನಿಂತ್ಬಿಟ್ಟೆ, ಪೀತಂಪುರದ ಆ ಧೂಳು ಮೂಗಿಗೆ ಬಂದ ಹಾಗಾಯ್ತು, ಡ್ರೈವರ್ ತಪ್ಪು ಒಂಚೂರೂ ಇಲ್ಲದೇ ವರ್ಷ ಪೂರ್ತಿ ಕೈಬಿಟ್ಟು ಹೋಗೋದು ಹೇಗಿರುತ್ತೆ ಅಂತ ನಂಗೊತ್ತು.

ಮುಂದಿನ ವಾರ ಹೋಮ್‌ಸ್ಟೆಡ್‌ನಲ್ಲಿ ಕೊನೇ ರೇಸು. ಚಾಂಪಿಯನ್‌ಷಿಪ್ ಲೆಕ್ಕದಲ್ಲಿ ಅವನೇ ಇಲ್ಲ, ಗೆದ್ರೂ ಪಟ್ಟ ಸಿಗಲ್ಲ. ಆದ್ರೂ ಗೆದ್ದ! ಅದು ಆ ವರ್ಷದ ಏಳನೇ ಗೆಲುವು. ನನ್ನ ಲೆಕ್ಕದಲ್ಲಿ ಅವನ ಎಲ್ಲಾ ಗೆಲುವಿಗಿಂತ ದೊಡ್ಡದು ಇದೇ. 2017ರಲ್ಲಿ ಎರಡನೇ ಹಂತದ ಎಕ್ಸ್‌ಫಿನಿಟಿ ಸೀರೀಸ್ ಚಾಂಪಿಯನ್, 2018ಕ್ಕೆ ಎಲ್ಲಕ್ಕಿಂತ ಮೇಲಿನ ಕಪ್ ಸೀರೀಸು, ಅದೂ ನಾಲ್ಕು ಸಲದ ಚಾಂಪಿಯನ್ ಜೆಫ್ ಗಾರ್ಡನ್ ಓಡಿಸಿದ್ದ 24ನೇ ನಂಬರಿನ ಕಾರು. ಅಲ್ಲಿ ಮೊದಲ ಗೆಲುವಿಗೆ 2020ರ ಆಗಸ್ಟ್‌ವರೆಗೂ ಕಾದ. ನ್ಯಾಸ್ಕಾರ್‌ನ ಅತಿ ದೊಡ್ಡ ರೇಸಾದ ಡೇಟೋನಾ 500ನ್ನ 2024, 2025 ಎರಡೂ ಸಲ ಗೆದ್ದ, ಎರಡನೇ ಸಲ ಮನೆಯವರೆಲ್ಲ ಎದ್ದು ಕೂರೋ ಹಾಗೆ ಕೂಗಿದ್ದೆ.

ಸರ್ ಈಗ ರಿಟೈರ್ ಆಗಿದಾರೆ ಅಂತ ಗೊತ್ತಾಯ್ತು. ಅವತ್ತು ಪೀತಂಪುರದಿಂದ ತಂದ ಆಕ್ಸಲ್ ತುಂಡುಗಳನ್ನ ಅವರು ಲೇತ್ ಪಕ್ಕದ ಕಬ್ಬಿಣದ ರ‍್ಯಾಕ್‌ನಲ್ಲಿ, ಮೇಲಿನ ಖಾನೆಯಲ್ಲಿ ಇಟ್ಟಿದ್ರು, ಬಿರುಕು ಶುರುವಾದ ಕಡೆ ಬಿಳಿ ಬಣ್ಣದಲ್ಲಿ ಗುರುತು ಹಾಕಿ. ಜೂನಿಯರ್ಸ್, ಅದು ಇನ್ನೂ ಅಲ್ಲೇ ಇದ್ರೆ ಒಂದು ಫೋಟೋ ಕಳ್ಸಿ ಪ್ಲೀಸ್.