ಭಾನುವಾರದ ಬಿಲ್ಲಿಂಗ್: ಏಳು ರೂಪಾಯಿ ಚಮಚದ ತಕರಾರು

ಹುಬ್ಬಳ್ಳಿಯ ದುರ್ಗದಬೈಲಿನ ಪಾತ್ರೆ ಅಂಗಡಿಗಾಗಿ ನಾವು ಮೂವರು ಗೆಳೆಯರು ಭಾನುವಾರಗಳಂದು ಬರೆಯುವ ತಂತ್ರಾಂಶದಿಂದ, ಮರಳಿದ ಮಾಲಿನ ಕ್ರೆಡಿಟ್ ನೋಟ್ (ಗಿರಾಕಿಗೆ ಹಿಂದಿರುಗಿಸಬೇಕಾದ ಮೊತ್ತದ ಚೀಟಿ) ಕೊನೆಗೂ ಸರಿಯಾದ ತೆರಿಗೆ ದರದಲ್ಲಿ ಹೊರಬಂದಿದೆ.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ, ಗಡುವಿಗೆ ಮುಟ್ಟಲೆಂದು ದರವನ್ನು ಸರಕಿನ ಕೋಷ್ಟಕದಲ್ಲಿ ಮಾತ್ರ ಇಟ್ಟೆವು. ಬಿಲ್ಲಿನ ಸಾಲುಗಳಲ್ಲಿ ತೆರಿಗೆಯ ಮೊತ್ತವಷ್ಟೇ ಉಳಿಯಿತು. ಅದು ತಿಳಿದೇ ಮಾಡಿದ ‘ತಾಂತ್ರಿಕ ಸಾಲ’, ಅಂದರೆ ಈಗಿನ ಅವಸರಕ್ಕೆ ಅರೆಬರೆ ಕೋಡ್ ಬರೆದು ಸರಿಪಡಿಸುವುದನ್ನು ಮುಂದಕ್ಕೆ ಹಾಕುವುದು. 1992ರಲ್ಲಿ ಈ ಹೋಲಿಕೆ ಕೊಟ್ಟ ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ ಕೂಡ ಅಪಾಯವೆಂದದ್ದು ಸಾಲ ಮಾಡುವುದನ್ನಲ್ಲ, ತೀರಿಸದಿರುವುದನ್ನು. 2022ರ ಜುಲೈ 18ರಂದು ಚಮಚ, ಸೌಟುಗಳ ದರ ಶೇ 12ರಿಂದ 18ಕ್ಕೇರಿದಾಗ ಕೋಡಿನಲ್ಲಿ ಒಂದು ‘ಇಫ್’ (‘ಹೀಗಿದ್ದರೆ ಹೀಗೆ ಮಾಡು’ ಎಂಬ ಷರತ್ತು) ತುರುಕಿ ಬಡ್ಡಿ ಕಟ್ಟಿದೆವು. 2025ರ ಸೆಪ್ಟೆಂಬರ್ 22ರಂದು ಸ್ಟೀಲ್ ಪಾತ್ರೆಗಳ ದರ 12ರಿಂದ 5ಕ್ಕಿಳಿದಾಗ ಅಸಲೇ ಬಾಗಿಲಿಗೆ ಬಂತು: ಆಗಸ್ಟ್‌ನಲ್ಲಿ ಸಾವಿರ ರೂಪಾಯಿಯ ಕೊಡಗಳಿಗೆ 120 ರೂಪಾಯಿ ತೆರಿಗೆ ಕೊಟ್ಟವರು ಮಾಲು ಮರಳಿಸಿದರೆ, ಕೋಷ್ಟಕದ ಹೊಸ ದರ ನೋಡಿ ನೋಟ್ 50 ಎನ್ನುತ್ತಿತ್ತು.

ಅಂಗಡಿಯ ಯಜಮಾನರ ಆದ್ಯತೆಯೇ ಬೇರೆ. “ಅದನ್ನ ಆಮ್ಯಾಲ ನೋಡೋಣ್ರಿ, ದೀಪಾವಳಿಗೆ ವಾಟ್ಸ್‌ಆ್ಯಪ್ ಬಿಲ್ ಮಾಡಿಕೊಡ್ರಿ” ಎಂದರು. ಗಿರಾಕಿಯ ಫೋನಿನಲ್ಲಿ ಉಳಿಯುವ ಆ ಬಿಲ್ಲನ್ನೇ ವಾಪಸಾತಿಯ ದಿನ ಎದುರು ಹಿಡಿಯುತ್ತಾರೆಂದು ತೋರಿಸಿದ ಮೇಲೆ, ಎರಡೂ ಒಂದೇ ಕೆಲಸವೆಂದು ಒಪ್ಪಿದರು. ದಾಸ್ತಾನು ವರದಿಯ ಕೋಡ್ ಇದಕ್ಕಿಂತ ಕುರೂಪವಾಗಿದೆ. ಆದರೆ ಅದರಲ್ಲಿ ಯಾರೂ ಬದಲಾವಣೆ ಕೇಳುವುದಿಲ್ಲವಾದ್ದರಿಂದ ಅದಕ್ಕೆ ಬಡ್ಡಿಯೂ ಇಲ್ಲ, ನಮ್ಮ ಭಾನುವಾರವೂ ಇಲ್ಲ.

ನಿಜವಾಗಿ ತಲೆ ತಿಂದದ್ದು ಹಳೆಯ ಬಿಲ್ಲುಗಳ ಸಾಲುಗಳಿಗೆ ದರ ತುಂಬುವ ಕೆಲಸ. ತೆರಿಗೆಯನ್ನು ಬೆಲೆಯಿಂದ ಭಾಗಿಸಿದರಾಯಿತು ಎಂದುಕೊಂಡರೆ, ಪ್ರತಿ ಸಾಲಿನ ತೆರಿಗೆಯನ್ನೂ ಹತ್ತಿರದ ಪೂರ್ಣ ರೂಪಾಯಿಗೆ ಸರಿಹೊಂದಿಸಿದ್ದರಿಂದ ಏಳು ರೂಪಾಯಿಯ ಚಮಚಕ್ಕೆ 84 ಪೈಸೆಯೂ ಒಂದು ರೂಪಾಯಿ, 1.26 ರೂಪಾಯಿಯೂ ಒಂದು ರೂಪಾಯಿ. ಎರಡೂ ಕಾಲದ ಚಮಚಗಳು ಶೇ 14.29 ಎಂಬ, ಯಾವ ಸರ್ಕಾರವೂ ಹೇರದ ದರವನ್ನು ಹೇಳಿದವು! ಕೊನೆಗೆ ‘ಈ ದಿನದಿಂದ ಜಾರಿ’ ಎಂಬ ದಿನಾಂಕವುಳ್ಳ ದರಪಟ್ಟಿ ಮಾಡಿ, ಬಿಲ್ಲಿನ ದಿನಾಂಕದಿಂದ ದರ ಹುಡುಕಿ ಸಾಲಿನಲ್ಲೇ ಬರೆದೆವು. ಭಾಗಾಕಾರವನ್ನು ದೊಡ್ಡ ಮೊತ್ತಗಳ ತಾಳೆಗೆ ಮಾತ್ರ ಉಳಿಸಿಕೊಂಡೆವು. ‘ಇಫ್’ ಹೋಯಿತು.

ಮುಂದಿನದು ಕನ್ನಡ ಬಿಲ್. “ಎಲ್ಲ ಭಾಷೆ ಬರ್ತಾವ್ರಿ” ಎಂದು ಥರ್ಮಲ್ ಪ್ರಿಂಟರ್ ಮಾರಿದವರು ಈಗ ಫೋನ್ ಎತ್ತುತ್ತಿಲ್ಲ. ಯಂತ್ರವು ‘ಪಾತ್ರೆ’ಗೆ ಪ್ರಶ್ನಾರ್ಥಕ ಚಿಹ್ನೆಗಳನ್ನು ಮುದ್ರಿಸುತ್ತಿದೆ. ಅಕ್ಷರಗಳನ್ನು ಚಿತ್ರವಾಗಿಸಿ ಕಳಿಸುವುದೊಂದೇ ದಾರಿ. ಅದರ ವೇಗ ಸಂತೆಯ ದಿನದ ಗದ್ದಲಕ್ಕೆ ಸಾಲುತ್ತದೆಯೇ ಎಂದು ಮೊದಲು ಅಳೆಯಬೇಕು.